ಅಡ್ವಾನ್ಸ್ ಆಯ್ತು, ಕ್ರಯ ಯಾವಾಗ?

ದಿಂಬಂ ಘಾಟಿ ಇಳಿದು ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿದರೆ ಕೊಯಮತ್ತೂರು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ತರಕಾರಿ ವ್ಯಾಪಾರಿಗಳಿಗೆ ಈ ದಾರಿ ಹೊಸದಲ್ಲ. ಅಲ್ಲೇ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ, ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳುತ್ತದೆ. ಸಂತೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಮಾತಿಗೆ ತೊಡಕಿಲ್ಲ, ತೊಡಕು ಕಾಗದದಲ್ಲಿ. ತಮಿಳು ಮಾತಾಡಬಲ್ಲವರೆಲ್ಲ ತಮಿಳು ಪತ್ರ ಓದಬಲ್ಲವರಲ್ಲ.

ಜಮೀನಿನ ವ್ಯವಹಾರದಲ್ಲಿ ಈ ಕೊರತೆ ದುಬಾರಿ. ‘ಅಡ್ವಾನ್ಸ್ ಕೊಟ್ಟಾಯ್ತಲ್ಲ, ಇನ್ನು ಜಮೀನು ನಮ್ದೇ’ ಎಂದು ಕೊಳ್ಳುವವರು ನಂಬುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. ಆಸ್ತಿ ವರ್ಗಾವಣೆ ಕಾಯಿದೆಯ 54ನೇ ಕಲಮಿನ ಪ್ರಕಾರ ಬರೀ ಮಾರಾಟದ ಕರಾರಿನಿಂದ ಜಮೀನಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಅದಕ್ಕೆ ಕ್ರಯಪತ್ರ ರಿಜಿಸ್ಟರ್ ಆಗಲೇಬೇಕು. ಕರಾರಿಗೂ ಕ್ರಯಕ್ಕೂ ನಡುವೆ ಇರುವ ಆ ಕೆಲವು ತಿಂಗಳುಗಳೇ ಅಪಾಯದ ಕಾಲ.

ಸುಮ್ಮನೆ ಕೂತರೆ ಜಮೀನಿಲ್ಲ

ಮದುರೆಯ ಮನೆಯೊಂದರ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. 1978ರ ಡಿಸೆಂಬರಿನಲ್ಲಿ 60,000 ರೂಪಾಯಿಗೆ ಕರಾರಾಯಿತು, 5,000 ಅಡ್ವಾನ್ಸ್. ಆರು ತಿಂಗಳಲ್ಲಿ ಬಾಕಿ ಕೊಟ್ಟು ಕ್ರಯ ಮಾಡಿಸಿಕೊಳ್ಳಬೇಕಿತ್ತು. ಕೊಳ್ಳುವವರು ಸುಮಾರು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ನೋಟಿಸು ಕೊಟ್ಟು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1997ರಲ್ಲಿ ಅವರಿಗೆ ಮನೆ ಕೊಡಿಸಲು ಒಪ್ಪಲಿಲ್ಲ. ಪೇಟೆಗಳಲ್ಲಿ ಬೆಲೆ ಏರುತ್ತಿರುವಾಗ ಚಿಲ್ಲರೆ ಅಡ್ವಾನ್ಸ್ ಕೊಟ್ಟು ಕಾಲ ತಳ್ಳುವುದು ನ್ಯಾಯವಲ್ಲ ಎಂಬುದು ತೀರ್ಪಿನ ತಿರುಳು.

2018ರಲ್ಲಿ ನಿರ್ದಿಷ್ಟ ಪರಿಹಾರ ಕಾಯಿದೆ ತಿದ್ದುಪಡಿಯಾಗಿ, ಕರಾರಿನಂತೆ ಕ್ರಯ ಮಾಡಿಸುವ ವಿಷಯದಲ್ಲಿ ಕೋರ್ಟಿನ ವಿವೇಚನೆಗೆ ಕಡಿವಾಣ ಬಿತ್ತು. ಆದರೂ ‘ಹಣ ಸಿದ್ಧವಿತ್ತು, ನಾನೂ ಸಿದ್ಧನಿದ್ದೆ’ ಎಂದು ಕೊಳ್ಳುವವರು ರುಜುವಾತು ಮಾಡಲೇಬೇಕು. ದಾವಾ ಹೂಡಲು ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ ಮೂರು ವರ್ಷ ಅವಧಿ. ಆದರೆ ಮೂರು ವರ್ಷ ಇದೆಯೆಂದು ಕೈಕಟ್ಟಿ ಕೂರಬೇಡಿ. ಗಡುವಿಗೆ ಮುಂಚೆಯೇ ‘ಹಣ ರೆಡಿ ಇದೆ, ರಿಜಿಸ್ಟ್ರಿಗೆ ಬನ್ನಿ’ ಎಂದು ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ, ಬ್ಯಾಂಕಿನ ಲೆಕ್ಕ ಇಟ್ಟುಕೊಳ್ಳಿ. ಗಡುವು ಮುಂದೆ ಹಾಕಿದರೆ ಅದನ್ನೂ ಬರಹದಲ್ಲೇ ಮಾಡಿಕೊಳ್ಳಿ. ಬಾಯಿಮಾತಿನ ‘ಪರವಾಗಿಲ್ಲ, ನಿಧಾನಕ್ಕೆ ಕೊಡಿ’ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ತಮಿಳುನಾಡಿನಲ್ಲಿ 2012ರ ಡಿಸೆಂಬರ್ 1ರಿಂದ ಮಾರಾಟದ ಕರಾರನ್ನೂ ರಿಜಿಸ್ಟರ್ ಮಾಡಿಸಬೇಕು. ರಿಜಿಸ್ಟರ್ ಆಗದ ಕರಾರನ್ನೂ ಕ್ರಯ ಮಾಡಿಸಿಕೊಡಿ ಎಂಬ ದಾವೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದ್ದು ನಿಜ. ಆದರೂ ರಿಜಿಸ್ಟರ್ ಮಾಡಿಸಿದರೆ ಕರಾರು ವಿಲ್ಲಂಗಂನಲ್ಲಿ, ಅಂದರೆ ನಮ್ಮ ಇ.ಸಿ.ಯಲ್ಲಿ, ಕಾಣಿಸುತ್ತದೆ. ಮಾರುವವರು ಅದೇ ಜಮೀನನ್ನು ಇನ್ನೊಬ್ಬರಿಗೆ ತೋರಿಸುವುದು ಸುಲಭವಲ್ಲ. ಮಾರುವವರಿಗೂ ಒಂದು ಎಚ್ಚರಿಕೆ: ವ್ಯವಹಾರ ಮುರಿದರೆ ಕರಾರಿನ ರದ್ದತಿಯನ್ನೂ ರಿಜಿಸ್ಟರ್ ಮಾಡಿಸಿ. ಇಲ್ಲವಾದರೆ ಆ ನಮೂದು ಮುಂದಿನ ಗಿರಾಕಿಯ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಪಟ್ಟಾ ನೋಡಿ ಮೋಸ ಹೋಗಬೇಡಿ

ನಮ್ಮ ಪಹಣಿಯಲ್ಲಿ ಮಾಲೀಕ, ಬೆಳೆ, ಸಾಲ ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅಲ್ಲಿ ಹಾಗಲ್ಲ. ಹೆಸರು ಪಟ್ಟಾ-ಚಿಟ್ಟಾದಲ್ಲಿ, ಬೆಳೆ ಅಡಂಗಲ್‌ನಲ್ಲಿ, ರಿಜಿಸ್ಟರ್ ಆದ ಅಡಮಾನ ವಿಲ್ಲಂಗಂನಲ್ಲಿ. ಪಟ್ಟಾ ಕಂದಾಯದ ದಾಖಲೆ, ಹಕ್ಕಿನ ಪತ್ರವಲ್ಲ. 1979ರಿಂದ 1987ರವರೆಗೆ ನಡೆದ ಯು.ಡಿ.ಆರ್. ದಾಖಲೆ ಪರಿಷ್ಕರಣೆಯಲ್ಲಿ ಹೆಸರು, ಅಳತೆ ತಪ್ಪಿದ ಪಟ್ಟಾಗಳ ತಗಾದೆ ಇನ್ನೂ ಮುಗಿದಿಲ್ಲ. ಆದ್ದರಿಂದ ಮೂಲಪತ್ರಗಳನ್ನು ಕೈಯಲ್ಲಿ ಹಿಡಿದು ನೋಡಿ. ‘ಬ್ಯಾಂಕಿನಲ್ಲಿದೆ’ ಎಂದರೆ ಸಾಲವಿದೆ ಎಂದರ್ಥ. ಕನಿಷ್ಠ 30 ವರ್ಷದ ವಿಲ್ಲಂಗಂ ತೆಗೆಸಿ. ಅವಿನಾಶಿ, ಪಲ್ಲಡಂ, ಉಡುಮಲಪೇಟೆಯ ಹಳೆಯ ಪತ್ರಗಳಲ್ಲಿ ಕೊಯಮತ್ತೂರು ಜಿಲ್ಲೆ ಎಂದಿದ್ದರೆ ಗಾಬರಿ ಬೇಡ. ತಿರುಪ್ಪೂರು ಜಿಲ್ಲೆಯಾದದ್ದು 2009ರಲ್ಲಿ.

ಅಳತೆಯ ಲೆಕ್ಕವೂ ಬೇರೆ. ನಮ್ಮ 40 ಗುಂಟೆ ಅಲ್ಲಿ 100 ಸೆಂಟು. ಒಂದು ಗುಂಟೆಗೆ ಎರಡೂವರೆ ಸೆಂಟು. ಪಟ್ಟಾದಲ್ಲಿ ಹೆಕ್ಟೇರು, ಏರ್ಸ್ ಇರುತ್ತದೆ. ಒಂದು ಏರ್ಸ್ ಹೆಚ್ಚುಕಮ್ಮಿ ಒಂದು ಗುಂಟೆ.

ಪಿತ್ರಾರ್ಜಿತ ಜಮೀನಾದರೆ ‘ಅಕ್ಕ-ತಂಗೀರು ಏನೂ ಕೇಳಲ್ಲ’ ಎಂಬ ಭರವಸೆ ಸಾಲದು. ಹೆಣ್ಣುಮಕ್ಕಳಿಗೆ ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ ಪಾಲು ಕೊಟ್ಟವು. ಆಗಿನ ಕಾಯಿದೆಗಳಲ್ಲಿ ಅದಕ್ಕೆ ಮೊದಲೇ ಮದುವೆಯಾದವರಿಗೆ ಪಾಲಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಅವರ ಸಹಿಯೂ ಪತ್ರದಲ್ಲಿರಲಿ. ಪವರ್ ಪತ್ರ ಹಿಡಿದು ಬಂದವರಿದ್ದರೆ, ಪವರ್ ಕೊಟ್ಟವರು ಬದುಕಿದ್ದಾರೆಯೇ ಎಂದು ವಿಚಾರಿಸಿ. ಬರೀ ಪವರ್ ಮತ್ತು ಕರಾರಿನಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಬಾವಿ, ದಾರಿ, ಮೋಟಾರು

ಕೊಂಗು ಸೀಮೆಯಲ್ಲಿ ನೀರಿಲ್ಲದ ನೆಲಕ್ಕೆ ಬೆಲೆಯೆಲ್ಲಿ? ಅಣ್ಣತಮ್ಮಂದಿರು ಭಾಗವಾದಾಗ ಬಾವಿ ಭಾಗವಾಗುವುದಿಲ್ಲ, ಅದರಲ್ಲಿ ಪಾಲು ಉಳಿಯುತ್ತದೆ. ಬಾವಿಯಲ್ಲಿ ಎಷ್ಟು ಪಾಲು, ವಾರಕ್ಕೆ ಎಷ್ಟು ದಿನ ನೀರು, ಮೋಟಾರಿನ ಕರೆಂಟು ಸರ್ವಿಸ್ ಯಾರ ಹೆಸರಲ್ಲಿದೆ, ‘ವಂಡಿ ತಡಂ’ ಅಂದರೆ ಗಾಡಿದಾರಿ ಯಾರ ಹೊಲದ ಮೇಲೆ ಎಷ್ಟು ಅಡಿ ಅಗಲ ಬರುತ್ತದೆ, ಇದೆಲ್ಲ ಕ್ರಯಪತ್ರದಲ್ಲಿ ಬರೆದಿರಬೇಕು. ‘ಮಾಮೂಲು ದಾರಿ ಇದೆ’ ಎಂಬ ಮಾತು ಹೇಳಿದವರು ಇರುವವರೆಗೆ ಮಾತ್ರ. ಪಕ್ಕದ ಹೊಲ ಕೈಬದಲಾದ ದಿನ ಬೇಲಿ ಬೀಳುತ್ತದೆ.

ರಿಜಿಸ್ಟ್ರಿಯ ದಿನ

ಜಮೀನು ಎಲ್ಲಿದೆಯೋ ಆ ವ್ಯಾಪ್ತಿಯ ತಮಿಳುನಾಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಪತ್ರ ಹಾಜರಾಗಬೇಕು, ಚಾಮರಾಜನಗರದಲ್ಲಿ ಆಗದು. ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 7. ನೋಂದಣಿ ಶುಲ್ಕ 2023ರಲ್ಲಿ 4ರಿಂದ 2ಕ್ಕೆ ಇಳಿಯಿತು. 2025ರ ಏಪ್ರಿಲಿನಿಂದ ಹೆಂಗಸರ ಹೆಸರಿಗೆ 10 ಲಕ್ಷದವರೆಗಿನ ಆಸ್ತಿ ಕೊಂಡರೆ ನೋಂದಣಿ ಶುಲ್ಕದಲ್ಲಿ ನೂರಕ್ಕೆ 1 ರಿಯಾಯಿತಿ. ಖರ್ಚು ಯಾರದೆಂದು ಕರಾರಿನಲ್ಲೇ ಬರೆದುಕೊಳ್ಳಿ.

ಹಣ ಬ್ಯಾಂಕಿನ ಮೂಲಕ ಸಾಗಲಿ. 2015ರ ಜೂನಿನಿಂದ ಜಮೀನು, ಮನೆಯ ಅಡ್ವಾನ್ಸನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುವವರು ಹಣ ಪಡೆದವರು. ಇಬ್ಬರಿಗೂ ಬೇಸಾಯದ ಆದಾಯವಿದ್ದು ತೆರಿಗೆಗೆ ಒಳಪಡುವ ಆದಾಯ ಇಬ್ಬರಿಗೂ ಇಲ್ಲದಿದ್ದರೆ ಮಾತ್ರ ವಿನಾಯಿತಿ. ಜೋಡಿ ಕಸುಬಿನ ವ್ಯಾಪಾರಿಗಳು ಇದನ್ನು ಮರೆಯಬಾರದು.

ಸಹಿಗೆ ಮುಂಚೆ ಪತ್ರವನ್ನು ತಮಿಳು ಓದಬಲ್ಲ ನಿಮ್ಮ ಕಡೆಯವರಿಂದ ಸಾಲುಸಾಲಾಗಿ ಓದಿಸಿ ಕನ್ನಡದಲ್ಲಿ ಕೇಳಿಸಿಕೊಳ್ಳಿ. ಬ್ರೋಕರ್ ಓದಿದರೆ ಸಾಲದು. ಸರ್ವೆ ನಂಬರು, ಚೆಕ್ಕುಬಂದಿ ಹಿಂದಿನ ಪತ್ರಕ್ಕೆ ತಾಳೆಯಾಗಲಿ. ರಿಜಿಸ್ಟ್ರಿ ಮುಗಿದ ಮೇಲೆ ಪಟ್ಟಾ ನಿಮ್ಮ ಹೆಸರಿಗೆ ಬಂದಿದೆಯೇ ಎಂದು ನೋಡಿ, ಕರೆಂಟು ಸರ್ವಿಸನ್ನೂ ಹೆಸರಿಗೆ ಮಾಡಿಸಿಕೊಳ್ಳಿ. ಅಲ್ಲಿಗೆ ಜಮೀನು ನಿಮ್ಮದಾಯಿತು.