ಕೌದಿಗೂ ಬೇಕು ಮುಯ್ಯಾಳು

ಮೊದಲು ಲೆಕ್ಕ. ಏಳು ಅಡಿ ಉದ್ದ, ಐದು ಅಡಿ ಅಗಲದ, ಹಳೆಬಟ್ಟೆಯ ಪದರ ಸೇರಿಸಿ ಹೊಲಿದ ಸಾಧಾರಣ ಕೌದಿ ಒಂದಕ್ಕೆ ಅರ್ಧ ಇಂಚಿಗೊಂದು ಸಾಲು ಹೊಲಿಗೆ ಹಾಕಿದರೆ 120 ಸಾಲು ಆಗುತ್ತದೆ. ಸಾಲಿಗೆ ಏಳು ಅಡಿಯಂತೆ ಒಟ್ಟು 840 ಅಡಿ. ಕೈ ಪಳಗಿದವರು ಅಡಿಗೆ ಒಂದೂವರೆ ನಿಮಿಷದಂತೆ ಹೊಲಿದರೂ 21 ಗಂಟೆ ಬೇಕು. ತೇಪೆ ಕತ್ತರಿಸುವುದು, ಜೋಡಿಸುವುದು, ಸೂಜಿಗೆ ದಾರ ಪೋಣಿಸುವುದು, ನಡುನಡುವೆ ಎದ್ದು ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಇದರಲ್ಲಿ ಸೇರಿಲ್ಲ. ಬೆಳ್ತಂಗಡಿ ಕಡೆಯ ಗೃಹಿಣಿಯೊಬ್ಬಳು ಮಕ್ಕಳನ್ನು ಬಸ್ಸು ಹತ್ತಿಸಿ, ಹಟ್ಟಿಯ ಕೆಲಸ ಮುಗಿಸಿ, ಅಡುಗೆ ಮಾಡಿ, ಅತ್ತೆಯ ಮಾತ್ರೆ ನೋಡಿಕೊಂಡು, ವಾರಕ್ಕೆ ಎರಡು ಗಂಟೆ ಪುರುಸೊತ್ತು ಉಳಿಸಿಕೊಂಡಳು ಎಂದಿಟ್ಟುಕೊಳ್ಳಿ. ಅವಳಿಗೆ ಒಂದು ಕೌದಿ ಹತ್ತೂವರೆ ವಾರದ ಕೆಲಸ. ಅದೇ ಕೌದಿಗೆ ನಾಲ್ವರು ಸುತ್ತ ಕೂತರೆ ಐದೂಕಾಲು ಗಂಟೆ ಸಾಕು. ಅಂದರೆ ಎರಡು ಭಾನುವಾರದ ಮಧ್ಯಾಹ್ನ.

ಕೌದಿಯ ಕುರಿತು ಈಗ ಪಟ್ಟಣಗಳಲ್ಲಿ ಮಾತು ಜೋರಾಗಿದೆ. 2019ರಲ್ಲಿ ಚೆನ್ನೈಯಲ್ಲಿ ಕ್ವಿಲ್ಟ್ ಉತ್ಸವವೇ ನಡೆಯಿತು; ಕ್ವಿಲ್ಟ್ ಎಂದರೆ ಪಶ್ಚಿಮದವರ ಕೌದಿ. ಅಮೆರಿಕದಲ್ಲಂತೂ ಊರೂರಿಗೆ ಕ್ವಿಲ್ಟ್ ಸಂಘಗಳಿವೆ. ತಿಂಗಳಿಗೊಮ್ಮೆ ಸೇರುತ್ತಾರೆ, ಹೊಲಿದದ್ದನ್ನು ಬಿಡಿಸಿ ತೋರಿಸುತ್ತಾರೆ, ವರ್ಷಕ್ಕೊಮ್ಮೆ ಪ್ರದರ್ಶನ ಇಡುತ್ತಾರೆ. ಹೊಲಿಗೆ ಮತ್ತು ಸಂಘ ಎರಡನ್ನೂ ಮನೆಯ ಜೊತೆ ಹೇಗೆ ತೂಗಿಸುವುದು ಎಂಬ ಗೋಳು ಅಲ್ಲಿಯೂ ಇದ್ದದ್ದೇ. ನಮ್ಮ ಕರಾವಳಿ ಸೀಮೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹೆಂಗಸರು ಈ ಪ್ರಶ್ನೆಗೆ ಅಲ್ಲಿಂದ ಉತ್ತರ ತರಿಸಿಕೊಳ್ಳಬೇಕಾಗಿಲ್ಲ. ಉತ್ತರದ ಅರ್ಧ ಘಟ್ಟದ ಮೇಲಿದೆ, ಉಳಿದರ್ಧ ಬೆಳ್ತಂಗಡಿಯಲ್ಲೇ ಇದೆ.

ಕೌದಿ ಮುಖ್ಯವಾಗಿ ಉತ್ತರ ಕರ್ನಾಟಕದ್ದು. ಹಳೆಯ ಇಳಕಲ್ ಸೀರೆ, ಧೋತರ, ಕುಪ್ಪಸದ ತುಂಡು ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲಿಂದ ಕೆಳಗಿನವರೆಗೆ ಓಡುಹೊಲಿಗೆ ಹಾಕಿದರೆ ಹಾಸಲೂ ಆಯಿತು, ಹೊದೆಯಲೂ ಆಯಿತು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಅಲೆಮಾರಿ ಹೆಂಗಸರೂ ಅಲ್ಲಿದ್ದಾರೆ. ಬಟ್ಟೆ ಮನೆಯವರದು, ಕೈ ಅವರದು. ಪಶ್ಚಿಮದ ಕ್ವಿಲ್ಟಿಗೂ ನಮ್ಮ ಕೌದಿಗೂ ಇರುವ ದೊಡ್ಡ ವ್ಯತ್ಯಾಸ ಅಂದಚಂದದ್ದಲ್ಲ. ಅಲ್ಲಿ ಮೇಲ್ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಬಟ್ಟೆ ಎಂದು ಮೂರು ಪದರ. ಅದನ್ನು ಬಿಗಿಯಾಗಿ ಹಿಡಿಯಲು ಮರದ ಚೌಕಟ್ಟು ಬಳಸುವುದು ಹಳೆಯ ಪದ್ಧತಿ. ಚೌಕಟ್ಟು ಬಂತೆಂದರೆ ಮನೆಯ ಒಂದು ಕೋಣೆ ಹೋಯಿತು. ಕೌದಿಗೆ ಚೌಕಟ್ಟಿಲ್ಲ, ತುಂಬಲು ಹತ್ತಿಯೂ ಬೇಡ. ಜಗಲಿಯಲ್ಲಿ ಹಾಸಿ, ಅಂಚಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟರೆ ಮುಗಿಯಿತು; ಮುಂದೆ ಮಡಿಲಲ್ಲಿಟ್ಟುಕೊಂಡೇ ಹೊಲಿಯಬಹುದು. ಹಾಲು ಉಕ್ಕಿತೆಂದರೆ ಸುರುಳಿ ಸುತ್ತಿ ಬದಿಗಿಟ್ಟು ಏಳಬಹುದು. ಸಂಸಾರದ ನಡುವೆ ಹುಟ್ಟಿದ ಕಸುಬಾದ್ದರಿಂದ ಎದ್ದು ಹೋಗುವ ಅನುಕೂಲ ಅದರೊಳಗೇ ಇದೆ.

ಇನ್ನೂ ಸೊಗಸು ನೋಡಬೇಕೆಂದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರ ಕವಂದಿ ನೋಡಬೇಕು. ಆಫ್ರಿಕಾ ಮೂಲದ ಈ ಜನ ಶತಮಾನಗಳಿಂದ ಕಾಡಿನಂಚಿನಲ್ಲಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸಿದ್ದಿ ಹೆಂಗಸು ಕವಂದಿಯನ್ನು ಒಂದು ಮೂಲೆಯಿಂದ ಶುರು ಮಾಡುತ್ತಾಳೆ. ತುಂಡು ಬಟ್ಟೆಯ ಅಂಚನ್ನು ಬೆರಳಲ್ಲೇ ಮಡಚಿ, ಕೆಳಗಿನ ಸೀರೆಗೆ ಒತ್ತಿ ಹಿಡಿದು ಓಡುಹೊಲಿಗೆ ಹಾಕುತ್ತಾ ಅಂಚಿನಗುಂಟ ಸುತ್ತು ಬರುತ್ತಾಳೆ. ಒಂದು ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತಾ ನಡುವಿಗೆ ಬಂದು ಸೇರುವಲ್ಲಿಗೆ ಕವಂದಿ ಮುಗಿಯುತ್ತದೆ. ತೇಪೆ ಹಚ್ಚುವುದು, ಪದರ ಹಿಡಿಯುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತವೆ. ಮುಗಿಯಿತು ಎನ್ನುವ ಮೊದಲು ನಾಲ್ಕು ಮೂಲೆಗೂ ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಇವೇ ಫುಲಾ, ಹೂಗಳು. ಫುಲಾ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಯರ ಹೊದಿಕೆಯಲ್ಲಿ ಶಿಲುಬೆಯೂ ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರವೂ ಕಾಣಸಿಗುತ್ತದೆ. ತೊಟ್ಟಿಲ ಮಗುವಿನದಕ್ಕೆ ಬಣ್ಣದ ಚೂರುಗಳ ಧಾರಾಳ ಹೆಚ್ಚು. ಹೊಲಿಗೆ ಮೂಲೆಯಿಂದ ಒಳಕ್ಕೆ ಹೋಗುವುದರಿಂದ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವ ಕೆಲಸವೂ ಇಲ್ಲ. ನಾಲ್ಕು ದಿನ ಬಿಟ್ಟು ತೆಗೆದರೂ ಸೂಜಿ ಸಿಕ್ಕಿಸಿದ ಜಾಗವೇ ಹೇಳುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಕಂಡು ಬೆರಗಾದವರು. 2004ರಲ್ಲಿ ಅವರ ಒತ್ತಾಸೆಯಿಂದ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಮನೆಯವರಿಗೆ ಹೊದೆಸಲು ಹೊಲಿದದ್ದು ಗೋಡೆಗೇರಿತು.

ಕರಾವಳಿಗೆ ಬರೋಣ. ಇಲ್ಲಿ ಹೊದಿಕೆ ದಪ್ಪವಿರಬೇಕಾದ ಚಳಿಯಿಲ್ಲ, ದಪ್ಪದ್ದನ್ನು ಒಣಗಿಸುವ ಬಿಸಿಲೂ ಮಳೆಗಾಲದ ನಾಲ್ಕು ತಿಂಗಳು ಇಲ್ಲ. ಚಾರ್ಮಾಡಿಯ ಬುಡದಲ್ಲಿ ಐದು ಪದರದ ಕೌದಿಯನ್ನು ಜುಲೈಯಲ್ಲಿ ಒಗೆದವರು ಬೂಸ್ಟು ಹಿಡಿದ ಬಟ್ಟೆಯ ವಾಸನೆಯೊಂದಿಗೆ ನವರಾತ್ರಿಯವರೆಗೆ ಬಾಳಬೇಕಾದೀತು. ಆದ್ದರಿಂದ ಇಲ್ಲಿಗೆ ಹೊಂದುವುದು ತೆಳ್ಳಗಿನದು: ಎರಡು, ಹೆಚ್ಚೆಂದರೆ ಮೂರು ಪದರ. ಬಾಣಂತಿ ಕೋಣೆಗೆ ಹಳೆಯ ಸೀರೆ, ಪಂಚೆ ಮಡಚಿ ನಾಲ್ಕು ಹೊಲಿಗೆ ಹಾಕಿಕೊಡುವ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೊಲಿಯಲು ಮಾತ್ರ ಮಳೆಗಾಲವೇ ಒಳ್ಳೆಯದು. ನವೆಂಬರ್ ಬಂತೆಂದರೆ ಅಡಿಕೆ ಕೊಯ್ಲು, ಕಂಬಳ, ಕೋಲ, ನೇಮ, ಮೇಳದ ಆಟ. ಅದರ ಬೆನ್ನಿಗೇ ಮದುವೆಗಳು. ಆ ಆರು ತಿಂಗಳು ಸೂಜಿ ಹಿಡಿಯುತ್ತೇನೆ ಎನ್ನುವವಳು ನೆಂಟರಿಷ್ಟರನ್ನು ಬಿಟ್ಟವಳೇ ಇರಬೇಕು. ಆಟಿ ತಿಂಗಳಲ್ಲಿ ಹೊಲಿದು ದೀಪಾವಳಿಯ ನಂತರದ ಬಿಸಿಲಿಗೆ ಒಗೆದು ಒಣಹಾಕುವುದು ಈ ಸೀಮೆಗೆ ತಕ್ಕ ಪಂಚಾಂಗ.

ಬಟ್ಟೆಯದೊಂದು ಸಮಸ್ಯೆ. ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ. ನಿಜವಾದ ಹತ್ತಿ ಈಗ ಮನೆಯಲ್ಲಿ ಉಳಿದಿರುವುದು ಹಳೆಯ ನೈಟಿ, ಲುಂಗಿ, ಬೈರಾಸಿನಲ್ಲಿ. (ನೈಟಿಯನ್ನು ಗೇಲಿ ಮಾಡುವವರು ಅದರ ಎರಡನೆಯ ಜನ್ಮವನ್ನು ಇಲ್ಲಿ ನೋಡಲಿ.) ಮೂಡುಬಿದಿರೆಯಿಂದ ಸ್ವಲ್ಪ ದೂರದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘದವರು ನೇಯುವ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಪ್ಪಟ ಹತ್ತಿ. ಉಟ್ಟು ಸವೆದ ಅಂಥ ಸೀರೆ ಕಪಾಟಿನ ತಳದಲ್ಲಿದ್ದರೆ ಕೌದಿಯ ಒಳಮೈಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಹೊಸ ಬಟ್ಟೆ ಕೊಂಡು, ತುಂಡು ಮಾಡಿ, ಮತ್ತೆ ಜೋಡಿಸುವುದು ನನಗೆ ಇಂದಿಗೂ ಅರ್ಥವಾಗದ ಖರ್ಚು. ದರ್ಜಿಯ ಅಂಗಡಿಯ ಚೂರುಗಳನ್ನು ಕಾಲೊರಸು ಮಾಡಿ ಮುಗಿಸುವ ಬದಲು ಮೇಲ್ಮೈಗೆ ಬಳಸಬಹುದು. ಕೆಂಪು, ನೀಲಿ ಬಟ್ಟೆಗಳನ್ನು ಮೊದಲು ಬೇರೆಯಾಗಿ ಒಗೆದು ಬಣ್ಣ ಬಿಡುತ್ತದೆಯೇ ನೋಡಿಕೊಂಡರಾಯಿತು.

ಇನ್ನು ಸಮಯ. ಈ ಮೂರು ತಾಲೂಕುಗಳಲ್ಲಿ ಹೆಂಗಸಿನ ಬಿಡುವು ಎಂಬುದು ಬಹಳ ಕಾಲದಿಂದ ಬೀಡಿಗೆ ಒತ್ತೆ ಬಿದ್ದಿತ್ತು. ಜಗಲಿಯಲ್ಲಿ ಕಾಲು ಚಾಚಿ, ತಡ್ಪೆ ಮಡಿಲಲ್ಲಿಟ್ಟು, ಎಲೆ ಕತ್ತರಿಸಿ ಸುತ್ತಿ ನೂಲು ಕಟ್ಟುವ ಕೈಗಳು ಎಷ್ಟು ಮನೆಯ ಫೀಸು ಕಟ್ಟಿಲ್ಲ, ಎಷ್ಟು ಮದುವೆ ಮಾಡಿಲ್ಲ! ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಒಪ್ಪಿಸುವ ದಿನ ಹತ್ತಿರ ಬಂದಾಗ ಮಾತಿಗೂ ಪುರುಸೊತ್ತಿಲ್ಲ. ಅದೇ ಬೆರಳಿಗೆ ಸೂಜಿ ಕೊಟ್ಟರೆ ಕಲಿಯುವುದು ಎರಡು ದಿನದ ಮಾತು. ಆದರೆ ದಿನವಿಡೀ ಸಾವಿರದ ಲೆಕ್ಕ ಎಣಿಸಿದ ಕೈ ಸಂಜೆ ಇನ್ನೊಂದು ಲೆಕ್ಕಕ್ಕೆ ಒಗ್ಗುವುದಿಲ್ಲ. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ಕೊಡಬಾರದು ಎಂಬ ಹಿರಿಯರ ಕಟ್ಟುಪಾಡನ್ನು ನಾವು ಮೂಢನಂಬಿಕೆ ಎಂದು ತಳ್ಳಿಹಾಕಿದ್ದೇವೆ. ಹೆಂಗಸಿನ ದುಡಿಮೆಗೆ ಸಂಜೆ ಇಷ್ಟು ಹೊತ್ತಿಗೆ ಮುಗಿಯಬೇಕು ಎಂದು ಹೇಳಿದ ಕಾನೂನು ಅದೊಂದೇ ಇತ್ತೇನೋ ಎಂದು ನನಗೆ ಅನಿಸಿದ್ದುಂಟು.

ಬೆಳ್ತಂಗಡಿಯಲ್ಲೇ ಇರುವ ಅರ್ಧ ಉತ್ತರ ಎಂದೆನಲ್ಲ, ಅದು ಇದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು ಈ ತಾಲೂಕಿನಲ್ಲಿ. ಅದರ ಪ್ರಗತಿಬಂಧು ಗುಂಪುಗಳ ಕ್ರಮ ಸರಳ: ಐದರಿಂದ ಎಂಟು ಜನ ಸಣ್ಣ ರೈತರು ಗುಂಪಾಗಿ, ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಎಲ್ಲರೂ ಕೂಲಿಯಿಲ್ಲದೆ ದುಡಿಯುತ್ತಾರೆ. ನಿಮ್ಮ ತೋಟದ ಗುಂಡಿ ನಾವು ತೋಡಿದರೆ ನಮ್ಮ ಬಾವಿಗೆ ನೀವು. ಹಿಂದಿನ ಮುಯ್ಯಾಳು ಪದ್ಧತಿಗೆ ದಾಖಲೆ ಪುಸ್ತಕ ಸೇರಿಸಿದ ರೂಪ. ಇದರ ಜೊತೆಗೆ ಮಹಿಳೆಯರ ಸ್ವಸಹಾಯ ಸಂಘಗಳ ವಾರದ ಸಭೆ ಊರಿನ ಮನೆಮನೆಗೂ ಗೊತ್ತು. ಹೊಲಿಗೆ ಕಲಿಯಬೇಕೆಂದರೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಅದೇ 1982ರಿಂದ ಸ್ವಉದ್ಯೋಗದ ತರಬೇತಿ ಕೊಡುತ್ತಿದೆ. ಹೊಲಿಯುವ ಕೈ, ಸೇರುವ ಅಭ್ಯಾಸ, ಸರದಿಯ ಕ್ರಮ ಮೂರೂ ಇಲ್ಲಿ ತಯಾರಿವೆ. ಗಂಡಸರ ಗುಂಡಿ ತೋಡುವ ಸರದಿಯನ್ನು ಹೆಂಗಸರು ಕೌದಿಗೆ ಹಚ್ಚಿದರೆ ಸಾಕು. ಈ ವಾರ ನಿನ್ನ ಮನೆಯ ಜಗಲಿ, ನಿನ್ನ ಕೌದಿ. ಮುಂದಿನ ವಾರ ಅವಳದು.

ಸರದಿಯಲ್ಲಿ ಒಂದು ಗುಟ್ಟಿದೆ. ಒಬ್ಬಳೇ ಹೊಲಿಯುವಾಗ 'ಕೂತು ಹೊಲಿಯುತ್ತಾಳೆ' ಎಂಬ ಮಾತು ಮನೆಯೊಳಗೆ ಬರುತ್ತದೆ. ನಾಲ್ವರು ಬಂದು ಕೂತಾಗ ಅದೇ ಕೆಲಸ 'ಇವತ್ತು ನಮ್ಮ ಮನೆಯಲ್ಲಿ ಕೌದಿ' ಆಗುತ್ತದೆ, ಮಾವ ತಾನಾಗಿ ಚಾ ಪುಡಿ ತರಲು ಅಂಗಡಿಗೆ ಹೋಗುತ್ತಾರೆ. ಹವ್ಯಾಸಕ್ಕೆ ಅನುಮತಿ ಬೇಕು, ಮುಯ್ಯಿಗೆ ಬೇಡ. ಮನೆಯವರಿಗೂ ಇದರಲ್ಲಿ ಪಾಲಿದೆ. ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವ ಹುಡುಗನಿದ್ದರೆ ಕಣ್ಣು ಮಸುಕಾದ ಅಜ್ಜಿಯೂ ದಿನಕ್ಕೆ ನಾಲ್ಕು ಸಾಲು ಹೊಲಿಯಬಲ್ಲಳು. ಎದ್ದೇಳುವ ಮೊದಲು ಸೂಜಿ ಎಣಿಸುವುದು, ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಎರಡು ಸಲ ಎಣಿಸುವುದು, ಬೀಡಿ ಕಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಮಗುವಿನ ಹೊದಿಕೆ ಮುಟ್ಟದಿರುವುದು: ಇಷ್ಟು ಶಿಸ್ತು ಬೇಕು.

ಗುಂಪು ಒಂದೇ ವಠಾರದ್ದಾದರೆ ಒಳ್ಳೆಯದು. ಮೂರೂ ತಾಲೂಕಿನವರು ವರ್ಷಕ್ಕೊಮ್ಮೆ ಸೇರಬೇಕೆಂದಾದರೆ ಗುರುವಾಯನಕೆರೆ ಇದೆ. ಬಂಟ್ವಾಳದಿಂದ ಪುಂಜಾಲಕಟ್ಟೆ ದಾಟಿ, ಮೂಡುಬಿದಿರೆಯಿಂದ ವೇಣೂರು ದಾಟಿ ಬರುವ ಬಸ್ಸುಗಳು ಅಲ್ಲಿ ಕೂಡುತ್ತವೆ. ಎಂದಾದರೂ ಮೂಡುಬಿದಿರೆಗೆ ಹೋದವರು ಚೌಟರ ಅರಮನೆಯ ಮರದ ಕಂಬದಲ್ಲಿರುವ ನವನಾರೀಕುಂಜರವನ್ನು ನೋಡದೆ ಬರಬೇಡಿ. ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ. ಕೌದಿಯ ನಮೂನೆ ಹುಡುಕುವವರು ಅಂತರ್ಜಾಲ ಜಾಲಾಡುವ ಬದಲು ಅಲ್ಲಿ ಅರ್ಧ ಗಂಟೆ ನಿಂತರೆ ಹೆಚ್ಚು ಸಿಕ್ಕೀತು.

ಹಣದ ಮಾತಿಲ್ಲದೆ ಈ ವಿಷಯ ಮುಗಿಯುವುದಿಲ್ಲ. ಅಮೆರಿಕದ ಅಲಬಾಮಾದಲ್ಲಿ 1966ರಲ್ಲಿ ಕಪ್ಪು ಜನಾಂಗದ ಬಡ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ಮತದಾನದ ಹಕ್ಕಿಗಾಗಿ ಹೋರಾಟ ನಡೆದ ಸೀಮೆ ಅದು. ಸಂಘದವರು ಹೊಲಿಗೆ ಕೇಂದ್ರದ ಜೊತೆಗೆ ಶಿಶುವಿಹಾರವನ್ನೂ ನಡೆಸಿದರು. ತಾಯಂದಿರ ಸಂಘಕ್ಕೆ ಏನು ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ 1972ರಲ್ಲಿ ಸಿಯರ್ಸ್ ಕಂಪನಿಯಿಂದ ಕಾರ್ಡುರಾಯ್ ದಿಂಬಿನ ಕವರಿನ ಗುತ್ತಿಗೆ ಸಿಕ್ಕಿತು. ಸಂಪಾದನೆ ಬಂತು. ಆದರೆ ಕವರು ಒಂದರಂತೆ ಇನ್ನೊಂದು ಇರಬೇಕು, ಅಲ್ಲಿ ಕೈಯ ಮನಸ್ಸಿಗೆ ಜಾಗವಿಲ್ಲ. ಮಜಾ ಏನೆಂದರೆ, ಉಳಿದ ಕಾರ್ಡುರಾಯ್ ಚೂರುಗಳನ್ನು ಮನೆಗೆ ಒಯ್ದು ಅವರು ತಮಗಾಗಿ ಹೊಲಿದುಕೊಂಡ ಕ್ವಿಲ್ಟುಗಳು ಮುಂದೆ ಮ್ಯೂಸಿಯಂ ಸೇರಿದವು.

ಆರ್ಡರ್ ಬಂದ ದಿನವೇ ಕೌದಿಯೊಳಕ್ಕೆ ಬ್ರಾಂಚಿನ ಗಡುವು ಬರುತ್ತದೆ. ಬೀಡಿ ಕಟ್ಟಿದವರಿಗೆ ಅದರ ರುಚಿ ಚೆನ್ನಾಗಿ ಗೊತ್ತು. ದುಡ್ಡು ಬೇಡವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ದುಡ್ಡಿದ್ದವರೇ. ಆದರೆ ಮೂರು ತಾಲೂಕಿನಲ್ಲಿ ಎಲ್ಲಾದರೂ ಇಂಥ ಗುಂಪು ಕಟ್ಟುವವರಲ್ಲಿ ಒಂದು ಬಿನ್ನಹ: ಮೊದಲ ಸುತ್ತಿನ ಕೌದಿಗಳನ್ನು ಮಾರಬೇಡಿ. ಗುಂಪಿನ ಪ್ರತಿ ಮನೆಗೂ ಒಂದೊಂದು ಸೇರಲಿ, ಮಕ್ಕಳು ಹೊದ್ದು ಮಲಗಲಿ, ಒಂದು ಮಳೆಗಾಲ ದಾಟಲಿ. ಆರ್ಡರನ್ನು ಎರಡನೆಯ ವರ್ಷಕ್ಕೆ ಹಿಡಿದರೂ ತಡವಾಗುವುದಿಲ್ಲ.