ಹತ್ತು ಸಾವಿರದಲ್ಲಿ ಉಳಿಯುವವರು 276

ಕ್ಯಾತ್ಸಂದ್ರದ ಪಕ್ಕದಲ್ಲೇ ಇರುವ ಸಿದ್ಧಗಂಗಾ ಮಠದಲ್ಲಿ ದಿನವೂ ಸುಮಾರು 10,000 ಮಕ್ಕಳು ಪ್ರಸಾದಕ್ಕೆ ಕೂರುತ್ತಾರೆ. ಆ ಪಂಕ್ತಿಯಷ್ಟೇ ಉದ್ದದ, ಆದರೆ ಎಲ್ಲರೂ ಆರೋಗ್ಯವಂತ ದೊಡ್ಡವರೇ ಇರುವ ಸಾಲೊಂದನ್ನು ಊಹಿಸಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದೊಂದು ರಕ್ತಪರೀಕ್ಷೆ. ಸುಮಾರು 500 ಮಂದಿಯ ರಿಪೋರ್ಟ್ ‘ನಾರ್ಮಲ್ ಅಲ್ಲ’ ಎಂದು ಬರುತ್ತದೆ! ಯಾರಿಗೂ ಕಾಯಿಲೆಯಿಲ್ಲ, ಲ್ಯಾಬಿನವರ ತಪ್ಪೂ ಇಲ್ಲ. ಗೆರೆ ಎಳೆದಿರುವುದೇ ಹಾಗೆ. ಬಹುಪಾಲು ಪರೀಕ್ಷೆಗಳಲ್ಲಿ ಆರೋಗ್ಯವಂತರ ಅಳತೆಗಳನ್ನು ಏರಿಕೆ ಕ್ರಮದಲ್ಲಿಟ್ಟು, ಮೇಲಿನಿಂದ ನೂರಕ್ಕೆ ಎರಡೂವರೆ, ಕೆಳಗಿನಿಂದ ಎರಡೂವರೆ ಬಿಟ್ಟು, ನಡುವೆ ಉಳಿದ 95ನ್ನು ನಾರ್ಮಲ್ ಎನ್ನುತ್ತಾರೆ.

ಅದೇ ಸಾಲಿಗೆ 20 ಪರೀಕ್ಷೆ ಮಾಡಿಸಿ. ಎಲ್ಲವೂ ನಾರ್ಮಲ್ ಬರುವುದು 3,585 ಮಂದಿಗೆ ಮಾತ್ರ. ‘ಫುಲ್ ಬಾಡಿ ಚೆಕಪ್’ ಜಾಹೀರಾತುಗಳು ಹೇಳುವಂತೆ 70 ಮಾಡಿಸಿದರೆ ಉಳಿಯುವವರು 276. ಮಿಕ್ಕ 9,724 ಮಂದಿಯ ಹಾಳೆಯಲ್ಲಿ ಎಲ್ಲೋ ಒಂದು ಕಡೆ ದಪ್ಪಕ್ಷರದ ‘ಹೈ’ ಇಲ್ಲವೇ ‘ಲೋ’. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಂಟಿರುವುದರಿಂದ ನಿಜ ಜೀವನದಲ್ಲಿ ಸಂಖ್ಯೆ ಇಷ್ಟು ಏರದು. ಆದರೆ ಪರೀಕ್ಷೆ ಹೆಚ್ಚಿದಷ್ಟೂ ದಪ್ಪಕ್ಷರ ಹೆಚ್ಚುವುದು ಖಚಿತ.

“ಸಾರ್, ಇದು ಜಾಸ್ತಿ ಐತಂತಲ್ಲ, ಏನಾರಾ ತೊಂದ್ರೆನಾ?”

“ಇನ್ನೊಂದು ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ, ನೋಡೋಣ.”

ಇದಕ್ಕಿಂತ ಹೆಚ್ಚಿಗೆ ಮಾತಾಡಲು ಪುರುಸೊತ್ತಾದರೂ ಎಲ್ಲಿದೆ? 67 ದೇಶಗಳ 2.85 ಕೋಟಿ ಭೇಟಿಗಳನ್ನು ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಭಾರತದಲ್ಲಿ ಸುಮಾರು 2 ನಿಮಿಷ.

ಸಮಯ ಇದ್ದರೂ ಲೆಕ್ಕ ಸುಲಭವಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆನ್ಸರ್ ಸುಮಾರು 160 ಸ್ತ್ರೀರೋಗ ತಜ್ಞರ ಮುಂದೆ ಒಂದು ಪ್ರಶ್ನೆ ಇಟ್ಟರು: ಮ್ಯಾಮೊಗ್ರಾಮ್ ಪಾಸಿಟಿವ್ ಬಂದ ಮಹಿಳೆಗೆ ನಿಜಕ್ಕೂ ಸ್ತನ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು? ಬೇಕಾದ ಶೇಕಡಾವಾರು ಅಂಕಿಗಳೆಲ್ಲ ಕೈಯಲ್ಲೇ ಇದ್ದವು. ಸರಿಯುತ್ತರ ಕೊಟ್ಟವರು ನೂರಕ್ಕೆ 21 ಮಂದಿ. ಹತ್ತರಲ್ಲಿ ಒಂಬತ್ತು ಎಂದವರೇ ಬಹಳ. ಆಮೇಲೆ ಅದೇ ಅಂಕಿಗಳನ್ನು ತಲೆ ಎಣಿಸಿ ಹೇಳುವುದನ್ನು ಕಲಿಸಿದರು. 1,000 ಮಹಿಳೆಯರಲ್ಲಿ 10 ಮಂದಿಗೆ ಕ್ಯಾನ್ಸರ್. ಅವರಲ್ಲಿ 9 ಮಂದಿಗೆ ಪಾಸಿಟಿವ್. ಕ್ಯಾನ್ಸರ್ ಇಲ್ಲದ 990 ಮಂದಿಯಲ್ಲೂ 89 ಮಂದಿಗೆ ಪಾಸಿಟಿವ್. ಅಂದರೆ ಗಾಬರಿಗೊಳ್ಳುವವರು 98, ಕಾಯಿಲೆಯವರು 9; ಸುಮಾರು ಹನ್ನೊಂದರಲ್ಲಿ ಒಬ್ಬರು. ಈಗ ಸರಿಯಾಗಿ ಹೇಳಿದವರು ನೂರಕ್ಕೆ 87!

ಎಣಿಸದೆ ಹೋದರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ತೋರಿಸಿತು. ಕುತ್ತಿಗೆಯ ಅಲ್ಟ್ರಾಸೌಂಡ್ ಅಲ್ಲಿ ಅಗ್ಗದ ತಪಾಸಣೆಯಾಗಿ ಹಬ್ಬಿತು. 1993ರಿಂದ 2011ರೊಳಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಹಾಗೇ ಉಳಿಯಿತು. 2011ರಲ್ಲಿ 40,000ಕ್ಕೂ ಹೆಚ್ಚು ಮಂದಿಗೆ ಪತ್ತೆ. ವರ್ಷಕ್ಕೆ ಸಾಯುತ್ತಿದ್ದವರು 300-400. ಪತ್ತೆಯಾದವರಲ್ಲಿ ಹೆಚ್ಚಿನವರು ಗ್ರಂಥಿ ತೆಗೆಸಿಕೊಂಡು, ಬದುಕಿಡೀ ಮಾತ್ರೆ ನುಂಗಬೇಕಾಯಿತು. 2014ರಲ್ಲಿ ಎಂಟು ವೈದ್ಯರು ಇದನ್ನು ಬಹಿರಂಗವಾಗಿ ಹೇಳಿದ ಮೇಲೆ ಒಂದೇ ವರ್ಷದಲ್ಲಿ ಶಸ್ತ್ರಚಿಕಿತ್ಸೆಗಳು ಶೇ. 35ರಷ್ಟು ಇಳಿದವು.

ಎದೆನೋವು ಬಂದವರು ಇಸಿಜಿ ಬಿಡಲಿ ಎಂದು ಇದರರ್ಥವಲ್ಲ. ಕಾಯಿಲೆಯ ಲಕ್ಷಣ ಇದ್ದವರ ಸಾಲೇ ಬೇರೆ. ಅಲ್ಲಿ ನಿಜವಾದ ಪಾಸಿಟಿವ್‌ಗಳು ಹೆಚ್ಚು. ಹಾಗಾಗಿಯೇ ಚೀಟಿ ಬರೆಯುವ ಮೊದಲೇ ಮಾತಾಗಬೇಕು. ನನ್ನಂಥ ಸಾವಿರ ಜನಕ್ಕೆ ಮಾಡಿಸಿದರೆ ಎಷ್ಟು ಮಂದಿಗೆ ಪ್ರಯೋಜನ, ಎಷ್ಟು ಮಂದಿಗೆ ಸುಮ್ಮನೆ ಗಾಬರಿ? ರಿಪೋರ್ಟ್ ಹೇಗೆ ಬಂದರೆ ಚಿಕಿತ್ಸೆ ಬದಲಾಗುತ್ತದೆ? ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನ 17 ರೋಗಿಹಕ್ಕುಗಳಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು. ಎರಡೂ ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಉತ್ತರಕ್ಕೆ ವೈದ್ಯರ ಬಳಿ ಇನ್ನೂ ಒಂದೂವರೆ ನಿಮಿಷ ಇರುತ್ತದೆ.