ತುದಿಗಾಲಲ್ಲಿ ಮಗು, ತುದಿಗಾಲಲ್ಲಿ ತಾಯಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಎಡ್ಗರ್ ಡೆಗಾ 1874ರಲ್ಲಿ ರಚಿಸಿದ ವರ್ಣಚಿತ್ರವೊಂದಿದೆ. ಅದರ ಹೆಸರು 'ನೃತ್ಯ ತರಗತಿ'. ಪ್ಯಾರಿಸ್ಸಿನಲ್ಲಿ ಬ್ಯಾಲೆ ಕಲಿಯುವ ಹುಡುಗಿಯರಿಗೆ ಪರೀಕ್ಷೆ ನಡೆದಿದೆ. ಹಿರಿಯ ಗುರು ಜೂಲ್ ಪೆರೊ ನಿಂತು ನೋಡುತ್ತಿದ್ದಾರೆ. ಹುಡುಗಿಯೊಬ್ಬಳು ಒಂದೇ ಕಾಲಿನ ಮೇಲೆ ನಿಂತು ತನ್ನ ವಿದ್ಯೆ ತೋರಿಸುತ್ತಿದ್ದಾಳೆ. ಚಿತ್ರ ನೋಡುವವರ ಕಣ್ಣು ಸಹಜವಾಗಿಯೇ ಆ ಬಿಳಿ ಉಡುಪುಗಳ ಮೇಲೆ ನಿಲ್ಲುತ್ತದೆ. ಆದರೆ ಕೋಣೆಯ ಹಿಂಬದಿಯಲ್ಲಿ ಇನ್ನೂ ಕೆಲವರಿದ್ದಾರೆ. ಅವರು ಆ ಹುಡುಗಿಯರ ತಾಯಂದಿರು.

ಬ್ಯಾಲೆಯ ಇತಿಹಾಸವನ್ನು ರಾಜರು, ಗುರುಗಳು ಮತ್ತು ತಾರೆಯರ ಕಥೆಯಾಗಿಯೇ ಹೇಳುವುದು ರೂಢಿ. ಹಿಂದೆ ಕುಳಿತ ಈ ತಾಯಂದಿರ ಕಥೆ ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಮಗುವಿನ ಪ್ರತಿಭೆ ಮಗುವಿನದೇ ಇರಬಹುದು. ಆದರೆ ಅದು ರಂಗಕ್ಕೆ ಏರುವುದೋ ಅರ್ಧದಲ್ಲೇ ಕಮರುವುದೋ ಎಂಬುದು ಬಹುಮಟ್ಟಿಗೆ ಅದರ ಹಿಂದೆ ನಿಂತವರು ಯಾರು, ಹೇಗೆ ನಿಂತರು ಎಂಬುದನ್ನು ಅವಲಂಬಿಸಿದೆ.

ಎಂಟು ವರ್ಷಕ್ಕೇ ನಿರ್ಧಾರ

ಫ್ರಾನ್ಸಿನ ದೊರೆ 14ನೇ ಲೂಯಿಯ ಆಜ್ಞೆಯಂತೆ 1713ರಲ್ಲಿ ಪ್ಯಾರಿಸ್ ಒಪೆರಾದ ನೃತ್ಯಶಾಲೆ ಆರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಫ್ರೆಂಚರು ಮುದ್ದಿನಿಂದ ಇಟ್ಟ ಹೆಸರು 'ಪುಟ್ಟ ಇಲಿಗಳು'. ರಷ್ಯಾದಲ್ಲಿ 1738ರಲ್ಲಿ ಸಾಮ್ರಾಜ್ಞಿ ಆನಾ ಆಳ್ವಿಕೆಯಲ್ಲಿ ಫ್ರೆಂಚ್ ಗುರು ಝಾನ್ ಬ್ಯಾಪ್ಟಿಸ್ಟ್ ಲಾಂಡೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಶಾಲೆ ತೆರೆದರು. ಅರಮನೆಯ ಸೇವಕರ 12 ಗಂಡುಮಕ್ಕಳು, 12 ಹೆಣ್ಣುಮಕ್ಕಳು ಅಲ್ಲಿನ ಮೊದಲ ವಿದ್ಯಾರ್ಥಿಗಳು. ಇಂದಿನ ವಾಗನೋವಾ ಅಕಾಡೆಮಿಯ ಮೂಲ ಅದೇ.

ಬ್ಯಾಲೆಯ ಕಲಿಕೆ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷದೊಳಗೆ ಗಂಭೀರವಾಗಿ ಆರಂಭವಾಗಬೇಕು. ಇದಕ್ಕೆ ಕಾರಣ ದೇಹರಚನೆ. ಸೊಂಟದ ಕೀಲಿನಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು ಈ ಕಲೆಯ ಅಡಿಪಾಯ. ನಮ್ಮ ಭರತನಾಟ್ಯದ ಅರಮಂಡಿಯಲ್ಲಿ ಮಂಡಿಗಳು ಇಕ್ಕೆಲಕ್ಕೆ ತೆರೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಗೋಡೆಗೆ ಹೊಂದಿಸಿದ 'ಬಾರ್' ಎಂಬ ಮರದ ದಂಡವನ್ನು ಹಿಡಿದು ಮಗು ಎಂಟು, ಹತ್ತು ವರ್ಷ ಇದನ್ನೇ ಅಭ್ಯಾಸ ಮಾಡಬೇಕು.

ಸಮಸ್ಯೆ ಇರುವುದೂ ಇಲ್ಲಿಯೇ. ಮಗುವಿಗೆ ತನ್ನ ಬದುಕನ್ನು ತಾನೇ ನಿರ್ಧರಿಸುವ ಬುದ್ಧಿ ಬರುವ ಹೊತ್ತಿಗೆ ಬ್ಯಾಲೆ ಶುರುಮಾಡುವ ವಯಸ್ಸು ಮೀರಿರುತ್ತದೆ. ಆದ್ದರಿಂದ ಮೊದಲ ನಿರ್ಧಾರ ಹಿರಿಯರದೇ ಆಗುತ್ತದೆ.

ಒಂದೇ ಮನೆಯ ಇಬ್ಬರು

ಡೆಗಾ ಅವರ ಇನ್ನೊಂದು ಪ್ರಸಿದ್ಧ ಕೃತಿ 'ಹದಿನಾಲ್ಕರ ಪುಟ್ಟ ನರ್ತಕಿ'. ಸುಮಾರು ಒಂದು ಮೀಟರ್ ಎತ್ತರದ ಈ ಮೇಣದ ಶಿಲ್ಪಕ್ಕೆ ಬಟ್ಟೆಯ ಲಂಗ, ನಿಜವಾದ ಕೂದಲು ತೊಡಿಸಲಾಗಿತ್ತು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡಾಗ ಹಲವು ವಿಮರ್ಶಕರು ಇದನ್ನು ಕುರೂಪವೆಂದು ಹಳಿದರು.

ಶಿಲ್ಪಕ್ಕೆ ರೂಪದರ್ಶಿಯಾದ ಹುಡುಗಿ ಮರೀ ವಾನ್ ಗೂಥೆಮ್. ಬೆಲ್ಜಿಯಮ್ಮಿನಿಂದ ಬಂದು ನೆಲೆಸಿದ ಬಡ ಕುಟುಂಬ. ತಂದೆ ದರ್ಜಿ, ತಾಯಿ ಬಟ್ಟೆ ಒಗೆಯುವ ಕೆಲಸದಾಕೆ. ಮೂವರು ಹೆಣ್ಣುಮಕ್ಕಳಿಗೂ ಒಪೆರಾದ ನಂಟು ಬೆಳೆಯಿತು. ಅಂದಿನ ಪ್ಯಾರಿಸ್ಸಿನಲ್ಲಿ ಬಡ ತಾಯಿಯೊಬ್ಬಳಿಗೆ ಮಗಳನ್ನು ಬ್ಯಾಲೆಗೆ ಸೇರಿಸುವುದು ಕಲಾಸೇವೆಗಿಂತ ಹೆಚ್ಚಾಗಿ ಹೊಟ್ಟೆಪಾಡಿನ ದಾರಿಯಾಗಿತ್ತು. ಒಪೆರಾದ ಶ್ರೀಮಂತ ಚಂದಾದಾರ ಪುರುಷರಿಗೆ ನರ್ತಕಿಯರ ವಿಶ್ರಾಂತಿ ಕೋಣೆಯವರೆಗೂ ಪ್ರವೇಶವಿತ್ತು. ಅಲ್ಲಿ ಹುಡುಗಿಯರ ಮೇಲೆ ಬೀಳುತ್ತಿದ್ದ ಕಣ್ಣು ಕಲಾರಸಿಕರದು ಮಾತ್ರ ಆಗಿರಲಿಲ್ಲ. ಜೊತೆಗೆ ಬರುತ್ತಿದ್ದ ತಾಯಂದಿರಲ್ಲಿ ಕೆಲವರು ಮಗಳನ್ನು ಕಾಯಲು ಬರುತ್ತಿದ್ದರು. ಕೆಲವರು ಬಡತನದ ಒತ್ತಡಕ್ಕೆ ಸಿಕ್ಕಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮರೀ 1878ರಲ್ಲಿ ಶಾಲೆಗೆ ಸೇರಿ 1880ರಲ್ಲಿ ನೃತ್ಯತಂಡಕ್ಕೆ ಆಯ್ಕೆಯಾದಳು. ಆದರೆ ತರಗತಿಗಳಿಗೆ ಗೈರುಹಾಜರಾದ ಕಾರಣ 1882ರಲ್ಲಿ ಆಕೆಯನ್ನು ಕೆಲಸದಿಂದ ತೆಗೆಯಲಾಯಿತು. ಆಗ ಆಕೆಗೆ 17ರ ಆಸುಪಾಸು. ಅವಳ ತಂಗಿ ಲೂಯಿಸ್ ಜೋಸೆಫೀನ್ ಮಾತ್ರ ಅದೇ ಒಪೆರಾದಲ್ಲಿ ಉಳಿದು ನರ್ತಕಿಯಾಗಿ, ಮುಂದೆ ಗುರುವಾಗಿ ಬಾಳಿದಳು. ಒಂದೇ ತಾಯಿ, ಒಂದೇ ಶಾಲೆ. ಆದರೂ ಒಬ್ಬಳು ದಡ ಸೇರಿದಳು, ಇನ್ನೊಬ್ಬಳು ಕೈತಪ್ಪಿ ಹೋದಳು. ಬರಿಯ ಬಡತನವನ್ನಾಗಲಿ ಬರಿಯ ಪ್ರತಿಭೆಯನ್ನಾಗಲಿ ಹಿಡಿದು ಈ ವ್ಯತ್ಯಾಸವನ್ನು ವಿವರಿಸಲಾಗದು.

ಮತ್ತೊಬ್ಬ ತಾಯಿಯ ಕಥೆ

ಪುಟ್ಟ ನರ್ತಕಿಯ ಶಿಲ್ಪ ಪ್ರದರ್ಶನಗೊಂಡ 1881ರಲ್ಲೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆನಾ ಪಾವ್ಲೋವಾ ಹುಟ್ಟಿದರು. ಕಾಕತಾಳೀಯವೆಂಬಂತೆ ಆಕೆಯ ತಾಯಿಯೂ ಬಟ್ಟೆ ಒಗೆದು ಜೀವನ ಸಾಗಿಸುತ್ತಿದ್ದವರೇ. ಆ ತಾಯಿ ಮಗಳನ್ನು ಮಾರಿನ್‌ಸ್ಕಿ ರಂಗಮಂದಿರಕ್ಕೆ ಕರೆದೊಯ್ದು 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆ ತೋರಿಸಿದರು. ಮಗಳು ಅಂದೇ ನರ್ತಕಿಯಾಗುವ ಹಟ ಹಿಡಿದಳು. ಮೊದಲ ಬಾರಿ ಶಾಲೆಯವರು ಸೇರಿಸಿಕೊಳ್ಳಲಿಲ್ಲ. ತಾಯಿ ಮತ್ತೆ ಕರೆದೊಯ್ದರು. 1891ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಪ್ರವೇಶ ಸಿಕ್ಕಿತು.

ಪ್ಯಾರಿಸ್ಸಿಗೂ ಇಲ್ಲಿಗೂ ಇದ್ದ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ರಷ್ಯಾದ ಸಾಮ್ರಾಟರ ಶಾಲೆಯಲ್ಲಿ ಊಟ, ವಸತಿ, ಬಟ್ಟೆ, ಪಾಠ ಎಲ್ಲವೂ ಅರಮನೆಯ ಖರ್ಚು. ಮಗು ಸಂಜೆ ಹಸಿದ ಮನೆಗೆ ಮರಳಬೇಕಿರಲಿಲ್ಲ. ಇದಕ್ಕೆ ಮಗು ತೆತ್ತ ಬೆಲೆಯೂ ಇತ್ತು. ಎಳೆಯ ವಯಸ್ಸಿನಲ್ಲೇ ತಾಯಿಯ ಮಡಿಲು ಬಿಟ್ಟು ಶಾಲೆಯ ಗೋಡೆಗಳ ನಡುವೆ ಬೆಳೆಯಬೇಕಿತ್ತು. ಪಾವ್ಲೋವಾ 1899ರಲ್ಲಿ ಕಲಿಕೆ ಮುಗಿಸಿ ಮುಂದೆ ಜಗತ್ತನ್ನೇ ಸುತ್ತಿದರು.

ಆ ಸುತ್ತಾಟದಲ್ಲಿ ಭಾರತಕ್ಕೂ ಬಂದರು. ಮುಂದೆ ಕಲಾಕ್ಷೇತ್ರವನ್ನು ಸ್ಥಾಪಿಸಿದ ರುಕ್ಮಿಣಿದೇವಿ ಅರುಂಡೇಲ್ ಅವರಿಗೆ ಪಾವ್ಲೋವಾ ಒಡನಾಟ ದೊರೆಯಿತು. ಪಾವ್ಲೋವಾ ತಂಡದ ಕ್ಲಿಯೊ ನಾರ್ಡಿ ಅವರಿಂದ ಬ್ಯಾಲೆಯ ಪಾಠವೂ ಆಯಿತು. ನಿಮ್ಮ ನಾಡಿನ ನೃತ್ಯವನ್ನೇ ಹುಡುಕಿಕೊಳ್ಳಿ ಎಂಬ ಪಾವ್ಲೋವಾ ಸಲಹೆ ರುಕ್ಮಿಣಿದೇವಿಯವರನ್ನು ಭರತನಾಟ್ಯದತ್ತ ತಿರುಗಿಸಿತು. ರಷ್ಯಾದ ತಾಯಿಯೊಬ್ಬರು ಮಗಳ ಕೈಹಿಡಿದು ರಂಗಮಂದಿರದ ಮೆಟ್ಟಿಲು ಹತ್ತಿದ್ದರ ಫಲ ಹೀಗೆ ಮದ್ರಾಸಿನವರೆಗೂ ಹರಿದು ಬಂತು.

ಬಲವಂತವೂ ಬೆಂಬಲವೇ?

ಮಗುವಿಗೆ ಇಷ್ಟವಿಲ್ಲದಿದ್ದರೆ? ಕ್ಯೂಬಾದ ಕಾರ್ಲೋಸ್ ಅಕೋಸ್ಟಾ ಅವರ ಬದುಕು ಈ ಪ್ರಶ್ನೆಯನ್ನು ಎತ್ತುತ್ತದೆ. ಹವಾನಾದ ಬಡ ಬಡಾವಣೆಯಲ್ಲಿ 1973ರಲ್ಲಿ ಹುಟ್ಟಿದ ಈ ಹುಡುಗನಿಗೆ ಕಾಲ್ಚೆಂಡಾಟದ ಹುಚ್ಚು. ಲಾರಿ ಚಾಲಕರಾಗಿದ್ದ ತಂದೆ ಪೆಡ್ರೊ, ಮಗ ಬೀದಿ ಪಾಲಾಗದಿರಲೆಂದು ಸರ್ಕಾರದ ಉಚಿತ ಬ್ಯಾಲೆ ಶಾಲೆಗೆ ಸೇರಿಸಿದರು. ಹುಡುಗ ತರಗತಿಗೆ ಚಕ್ಕರ್ ಹೊಡೆದ, ಶಾಲೆಯಿಂದ ಹೊರಬಿದ್ದ. ತಂದೆ ಬಿಡಲಿಲ್ಲ. ಅದೇ ಹುಡುಗ 1990ರಲ್ಲಿ ಲೊಸಾನ್ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದು, ಮುಂದೆ ಲಂಡನ್ನಿನ ರಾಯಲ್ ಬ್ಯಾಲೆಯ ಪ್ರಧಾನ ನರ್ತಕನಾದ.

ಈ ಕಥೆ ಕೇಳಿ ಬಲವಂತವೇ ಸರಿ ಎಂದು ತೀರ್ಮಾನಿಸುವುದು ಅವಸರವಾದೀತು. ಬಲವಂತದಿಂದ ಗೆದ್ದವರ ಕಥೆ ಪುಸ್ತಕವಾಗುತ್ತದೆ, ಸಿನಿಮಾ ಆಗುತ್ತದೆ. ಬಲವಂತದಿಂದ ನೊಂದು ಬಿಟ್ಟುಹೋದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ಗೆದ್ದವರಿಗೆ ಶಾಲೆ

ಅಕೋಸ್ಟಾ ಗೆದ್ದ ಸ್ಪರ್ಧೆ 'ಪ್ರಿ ದ ಲೊಸಾನ್'. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ 1973ರಲ್ಲಿ ಆರಂಭವಾಯಿತು. 15ರಿಂದ 18 ವರ್ಷದ ಕಲಾವಿದರು ಭಾಗವಹಿಸುತ್ತಾರೆ. ಇಲ್ಲಿ ಪ್ರಮುಖ ಬಹುಮಾನ ಬಟ್ಟಲಲ್ಲ, ವಿದ್ಯಾರ್ಥಿವೇತನ. ಗೆದ್ದವರು ಹೆಸರಾಂತ ಶಾಲೆ ಅಥವಾ ತಂಡದಲ್ಲಿ ಕಲಿಕೆ ಮುಂದುವರಿಸಬಹುದು. ರಂಗದ ಮೇಲಿನ ಎರಡು ನಿಮಿಷದ ನೃತ್ಯವನ್ನಷ್ಟೇ ಅಲ್ಲದೆ, ವಾರವಿಡೀ ತರಗತಿಯಲ್ಲಿ ಮಗು ಹೇಗೆ ಕಲಿಯುತ್ತದೆ ಎಂಬುದನ್ನೂ ತೀರ್ಪುಗಾರರು ನೋಡುತ್ತಾರೆ. ಅಂತಿಮ ಸುತ್ತಿಗೆ ಬಾರದವರನ್ನೂ ಶಾಲೆಗಳ ಮುಖ್ಯಸ್ಥರು ನೋಡಿ ಆಹ್ವಾನಿಸುವ ಏರ್ಪಾಡಿದೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ 'ಯೂತ್ ಅಮೆರಿಕ ಗ್ರ್ಯಾಂಡ್ ಪ್ರಿ' ಒಂಬತ್ತರ ಮಕ್ಕಳಿಗೂ ಬಾಗಿಲು ತೆರೆದಿದೆ.

ದೊಡ್ಡ ಶಾಲೆಗಳು ನಡೆಸುವ ಬೇಸಿಗೆ ಕಾರ್ಯಾಗಾರಗಳ ಉದ್ದೇಶವೂ ಬಹುಪಾಲು ಇದೇ. ಕೆಲವು ವಾರ ಹೊಸ ಗುರುಗಳ ಬಳಿ ಮಗು ಕಲಿಯುತ್ತದೆ, ಗುರುಗಳು ಮಗುವನ್ನು ಪರಿಶೀಲಿಸುತ್ತಾರೆ. ಹಿಂದೆ ಅರಮನೆ ಹೊರುತ್ತಿದ್ದ ಹೊರೆ ಇಂದು ಬಹಳ ದೇಶಗಳಲ್ಲಿ ಮನೆಯವರ ಹೆಗಲಿಗೆ ಬಂದಿದೆ. ಶುಲ್ಕ, ಪ್ರಯಾಣ, ಉಡುಪು, ಪಾದರಕ್ಷೆ, ಹೀಗೆ ಪಟ್ಟಿ ಬೆಳೆಯುತ್ತದೆ. ತುದಿಗಾಲಲ್ಲಿ ನರ್ತಿಸಲು ಬೇಕಾದ 'ಪಾಯಿಂಟ್ ಶೂ'ಗಳ ಮುಂಭಾಗವನ್ನು ಸಾಂಪ್ರದಾಯಿಕವಾಗಿ ಬಟ್ಟೆ, ಕಾಗದ, ಅಂಟಿನ ಪದರಗಳಿಂದ ಗಟ್ಟಿಗೊಳಿಸುತ್ತಾರೆ. ಬೆವರು, ಬಳಕೆಯಿಂದ ಅವು ಬೇಗ ಮೆತ್ತಗಾಗುತ್ತವೆ. ವೃತ್ತಿಪರರಿಗೆ ಒಂದು ಜೊತೆ ಒಂದೇ ಪ್ರದರ್ಶನಕ್ಕೆ ಸವೆದುಹೋಗುವುದೂ ಉಂಟು.

ದೇಹ ಮಗುವಿನದು

ಹಣಕ್ಕಿಂತ ದೊಡ್ಡ ಲೆಕ್ಕವೊಂದಿದೆ. ಬೆಳೆಯುವ ಮೂಳೆಯ ಲೆಕ್ಕ. ಸಾಮಾನ್ಯವಾಗಿ 12 ವರ್ಷಕ್ಕೆ ಮೊದಲು ತುದಿಗಾಲ ನೃತ್ಯ ಬೇಡ ಎಂಬುದು ನೃತ್ಯ ವೈದ್ಯರ ಅಭಿಪ್ರಾಯ. ವಯಸ್ಸಷ್ಟೇ ಸಾಲದು, ಪಾದ, ಕಣಕಾಲು, ಬೆನ್ನಿನ ಬಲ, ಕೆಲವು ವರ್ಷಗಳ ಅಭ್ಯಾಸ ಎಲ್ಲವೂ ಕೂಡಿಬರಬೇಕು. ಪಕ್ಕದ ಮಗು ಶೂ ತೊಟ್ಟಿತೆಂದು ನಮ್ಮ ಮಗುವಿಗೂ ತೊಡಿಸುವಂತಿಲ್ಲ. ಊಟ ಇನ್ನೊಂದು ಸಂಗತಿ. ತೆಳ್ಳಗಿರಬೇಕೆಂಬ ಹಂಬಲದಲ್ಲಿ ಹೊಟ್ಟೆಗೆ ಕಡಿಮೆ ತಿನ್ನುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು, ಮೂಳೆ ಬಿರುಕು ಬಿಡುವುದು ಅಪರೂಪವಲ್ಲ. ಇವು ಶಿಸ್ತಿನ ಗುರುತುಗಳಲ್ಲ, ವೈದ್ಯರ ಬಳಿ ಹೋಗಬೇಕೆಂಬ ಸೂಚನೆಗಳು.

ಹೆಸರಾಂತ ಸಂಸ್ಥೆಯೆಂದು ಕಣ್ಣು ಮುಚ್ಚಿ ಒಪ್ಪಿಸುವಂತೆಯೂ ಇಲ್ಲ. ವಿಯೆನ್ನಾದ ಸರ್ಕಾರಿ ಒಪೆರಾದ ಬ್ಯಾಲೆ ಅಕಾಡೆಮಿಯ ಬಗ್ಗೆ 2019ರಲ್ಲಿ ಪತ್ರಿಕೆಯೊಂದು ದೂರುಗಳನ್ನು ಬಯಲಿಗೆಳೆಯಿತು. ವಿಚಾರಣೆ ನಡೆಸಿದ ವಿಶೇಷ ಆಯೋಗ, ಮಕ್ಕಳ ಹಿತವನ್ನು ಸಾಕಷ್ಟು ಕಾಪಾಡಿಲ್ಲವೆಂದು ಅದೇ ವರ್ಷದ ಡಿಸೆಂಬರಿನಲ್ಲಿ ವರದಿ ನೀಡಿತು. ತೆಳ್ಳಗಿರಲು ಧೂಮಪಾನದ ಸಲಹೆ ನೀಡಲಾಗಿತ್ತೆಂಬ ಅಂಶವೂ ಹೊರಬಂತು. ಕಾಯುವವರು ಬಾಗಿಲ ಹೊರಗೇ ಉಳಿದರೆ ಒಳಗೆ ಏನಾಗಬಹುದು ಎಂಬುದಕ್ಕೆ ಇದು ನಿದರ್ಶನ.

ನಮ್ಮವರ ಬೆನ್ನ ಹಿಂದೆ

ಬ್ಯಾಲೆಗೆ ಅರಮನೆಯ ಆಶ್ರಯವೆಂಬುದೇ ಇಲ್ಲದ ಭಾರತದಿಂದಲೂ ಈಗ ಮಕ್ಕಳು ಹೊರಟಿದ್ದಾರೆ. ದೆಹಲಿಯ ಕಮಲ್ ಸಿಂಗ್ ಒಂದು ಸಿನಿಮಾ ನೋಡಿ 17ನೇ ವಯಸ್ಸಿನಲ್ಲಿ ಬ್ಯಾಲೆಯತ್ತ ಆಕರ್ಷಿತರಾದರು. ರೂಢಿಯ ಲೆಕ್ಕದಲ್ಲಿ ತೀರ ತಡ. ತಂದೆ ಇ-ರಿಕ್ಷಾ ಚಾಲಕ. ಗುರು ಫರ್ನಾಂಡೊ ಅಗಿಲೇರಾ ಪ್ರತಿಭೆ ಗುರುತಿಸಿ ಕಲಿಸಿದರು. 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಯಲ್ಲಿ ಸ್ಥಾನ ದೊರೆತಾಗ ಶುಲ್ಕಕ್ಕೆ ಹಣವಿರಲಿಲ್ಲ. ಅಂತರ್ಜಾಲದ ಮೂಲಕ ಚಂದಾ ಎತ್ತಲಾಯಿತು. ನಟ ಹೃತಿಕ್ ರೋಷನ್ ಸೇರಿದಂತೆ ಅನೇಕರು ನೆರವಾದರು. ಒಂದು ಮಗುವಿನ ಹಿಂದೆ ತಂದೆ, ಗುರು, ಗುರುತೇ ಇಲ್ಲದ ನೂರಾರು ಮಂದಿ ನಿಂತರು.

ಬೆಂಗಳೂರು, ಮೈಸೂರಿನ ಭರತನಾಟ್ಯ ತರಗತಿಗಳ ಹೊರಗೆ ಚಪ್ಪಲಿಗಳ ಪಕ್ಕ ಕುಳಿತು ಕಾಯುವ ತಾಯಂದಿರಿಗೆ, ಮಗಳ ರಂಗಪ್ರವೇಶಕ್ಕೆಂದು ಸಾಲ ಮಾಡುವ ತಂದೆಯರಿಗೆ ಈ ಕಥೆಗಳು ದೂರದವೆನಿಸಲಾರವು. ಕಾಯುವುದು, ಹಣ ಹೊಂದಿಸುವುದು ಬೆಂಬಲದ ಅರ್ಧ ಮಾತ್ರ. ಮಗು ಮಂಡಿ ನೋವೆಂದಾಗ ನಂಬುವುದು, ಊಟ ಬಿಟ್ಟಾಗ ಕಾರಣ ಕೇಳುವುದು, ಗುರುವನ್ನು ಗೌರವದಿಂದಲೇ ಪ್ರಶ್ನಿಸುವುದು, ಕೊನೆಗೊಂದು ದಿನ ಸಾಕೆಂದರೆ ಕಳೆದ ವರ್ಷಗಳ ಖರ್ಚನ್ನು ಎತ್ತಿ ಆಡದೆ ಮನೆಗೆ ಕರೆತರುವುದು, ಇದು ಇನ್ನರ್ಧ.

ಡೆಗಾ ಚಿತ್ರದ ಆ ತಾಯಂದಿರು ಕೋಣೆಯ ಒಳಗೇ ಇದ್ದಾರೆ. ಗೋಡೆಯ ಬದಿಗಾದರೂ ಸರಿ, ಮಕ್ಕಳು ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ.